ರೆಕಾರ್ಡಿಂಗ್ ನಡುವೆಯೇ ಮುಚ್ಚಿಹೋಗುತ್ತಿದ್ದ ತಂತ್ರಾಂಶ: ಕಾರಣ ಹುಡುಕಿದ ನನ್ನ ಅನುಭವ

ಸ್ಪ್ರೆಡ್‌ಶೀಟ್ ಮತ್ತು ಲೆಕ್ಕಪತ್ರದ ಪಾಠಗಳನ್ನು ಪರದೆಯ ಮೇಲೆ ಮಾಡಿ ತೋರಿಸುತ್ತ, ಕನ್ನಡದಲ್ಲಿ ವಿವರಿಸುತ್ತ, ಒಬಿಎಸ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಪಾಠಗಳು ಸರಾಗವಾಗಿ ಮುಗಿಯುತ್ತಿದ್ದವು. ದೀರ್ಘ ಪಾಠಗಳಲ್ಲಿ ಮಾತ್ರ ತಂತ್ರಾಂಶ ನಡುವೆಯೇ ಮುಚ್ಚಿಹೋಗತೊಡಗಿತು. ಇಂಥ ತೊಂದರೆಗೆ ಎಲ್ಲರೂ ಕೊಡುವ ಸಲಹೆ, ತಂತ್ರಾಂಶವನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಎಂಬುದು. ಅದರಲ್ಲಿ ನನಗೆ ನಂಬಿಕೆಯಿಲ್ಲ. ಸೆಟ್ಟಿಂಗ್‌ಗಳು ಆಪ್‌ಡೇಟಾ ಫೋಲ್ಡರಿನಲ್ಲಿ ಉಳಿದುಕೊಂಡು ಹಳೆಯ ಸ್ಥಿತಿಯೇ ಮರಳಬಹುದು. ಒಂದು ವೇಳೆ ತೊಂದರೆ ನಿಂತರೂ ಅದು ಏಕೆ ನಿಂತಿತೆಂಬುದು ತಿಳಿಯುವುದಿಲ್ಲ.

ಕಾರಣ ಹುಡುಕುವುದಕ್ಕೂ ಮೊದಲು, ಕ್ರ್ಯಾಶ್ ಆದರೂ ಆವರೆಗಿನ ಪಾಠ ಉಳಿಯುವಂತೆ ಮಾಡಿಕೊಂಡೆ. ಸಾಮಾನ್ಯ ಎಂಪಿ4 ಕಡತದಲ್ಲಿ, ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಮಾತ್ರ ಬರೆಯಲಾಗುತ್ತದೆ. ಅದಕ್ಕೆ ಮೊದಲೇ ತಂತ್ರಾಂಶ ಮುಚ್ಚಿಹೋದರೆ ದೃಶ್ಯವೂ ಧ್ವನಿಯೂ ಡಿಸ್ಕ್‌ನಲ್ಲಿದ್ದರೂ ಕಡತ ತೆರೆಯುವುದಿಲ್ಲ. ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೋ ಕಡತದಲ್ಲಿ ಈ ತೊಡಕಿಲ್ಲವಾದ್ದರಿಂದ ಅದನ್ನೇ ಆರಿಸಿಕೊಂಡೆ. ಕೊನೆಯ ಕೆಲವು ಕ್ಷಣಗಳನ್ನು ಬಿಟ್ಟರೆ ಎಲ್ಲವೂ ಉಳಿಯುತ್ತದೆ. ಬೇಕಾದಾಗ ಫೈಲ್ ಮೆನುವಿನ ರೀಮಕ್ಸ್ ಆಯ್ಕೆಯಿಂದ, ಗುಣಮಟ್ಟ ಸ್ವಲ್ಪವೂ ಕುಂದದಂತೆ ಎಂಪಿ4 ಮಾಡಿಕೊಳ್ಳಬಹುದು.

ಆಮೇಲೆ ಕಂಪ್ಯೂಟರಿನಲ್ಲಿ ನಡೆದ ಘಟನೆಗಳ ದಾಖಲೆಗಳನ್ನು (ಲಾಗ್) ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗ್‌ನಲ್ಲಿ 1000 ಎಂಬ ಗುರುತಿನ ಸಂಖ್ಯೆಯಿರುವ ದಾಖಲೆಗಳನ್ನು ಓದಿದೆ. ತಂತ್ರಾಂಶ ಬಿದ್ದ ಸಮಯ, ಬಿದ್ದಾಗ ಕೆಲಸ ಮಾಡುತ್ತಿದ್ದ ಮಾಡ್ಯೂಲ್‌ನ (ಪ್ರೋಗ್ರಾಮಿನ ಒಂದು ಭಾಗವಾದ ಕಡತದ) ಹೆಸರು ಮತ್ತು ದೋಷದ ಸಂಕೇತ ಅಲ್ಲಿರುತ್ತವೆ. ಬಹಳ ಜನ ಆ ಮಾಡ್ಯೂಲ್‌ನ ಹೆಸರು ನೋಡಿದೊಡನೆ ಅದನ್ನೇ ಅಪರಾಧಿಯೆಂದು ತೀರ್ಮಾನಿಸಿ, ಅದು ಗ್ರಾಫಿಕ್ಸ್ ಡ್ರೈವರ್‌ಗೆ ಸೇರಿದ್ದಾದರೆ ಡ್ರೈವರ್ ಬದಲಿಸಲು ಹೊರಡುತ್ತಾರೆ. ಒಂದೇ ದಾಖಲೆಯನ್ನು ನೋಡಿ ಹಾಗೆ ನಿರ್ಧರಿಸುವುದು ಸರಿಯಲ್ಲ. ನನ್ನ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಮ್ಮೆ ಡ್ರೈವರ್‌ನ ಕಡತ, ಇನ್ನೊಮ್ಮೆ ವಿಂಡೋಸ್‌ನದೇ ಕಡತವಾದ ಎನ್‌ಟಿಡಿಎಲ್‌ಎಲ್, ಮತ್ತೊಮ್ಮೆ ದೃಶ್ಯವನ್ನು ಕುಗ್ಗಿಸಿ ಕಡತಕ್ಕೆ ಸಿದ್ಧಪಡಿಸುವ ವಿಡಿಯೋ ಎನ್‌ಕೋಡರ್, ಹೀಗೆ ಪ್ರತಿ ಬಾರಿಯೂ ಬೇರೆ ಹೆಸರಿತ್ತು. ಹೆಸರು ಹೀಗೆ ಬದಲಾಗುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಮೆಮೊರಿಯನ್ನು; ಏಕೆಂದರೆ ಮೆಮೊರಿ ಮುಗಿದಾಗ, ಆ ಕ್ಷಣದಲ್ಲಿ ಅದನ್ನು ಕೇಳಿದ ಭಾಗ ಯಾವುದೋ ಅದೇ ಬೀಳುತ್ತದೆ.

ಆ ಸಂಶಯಕ್ಕೆ ಆಧಾರ ಸಿಸ್ಟಮ್ ಲಾಗ್‌ನಲ್ಲಿ ಸಿಕ್ಕಿತು. ಕ್ರ್ಯಾಶ್‌ಗಳಿಗೆ ಸ್ವಲ್ಪ ಮೊದಲು ಅಲ್ಲಿ 2004 ಸಂಖ್ಯೆಯ ಎಚ್ಚರಿಕೆ ದಾಖಲಾಗಿತ್ತು. ವರ್ಚುವಲ್ ಮೆಮೊರಿ (ರ‍್ಯಾಮ್ ಜೊತೆಗೆ ಡಿಸ್ಕ್‌ನ ಒಂದು ಭಾಗವನ್ನೂ ಸೇರಿಸಿ ಬಳಸುವ ಮೆಮೊರಿ) ಕಡಿಮೆಯಾದಾಗ ವಿಂಡೋಸ್ ಬರೆದಿಡುವ ಈ ಎಚ್ಚರಿಕೆ, ಅದನ್ನು ಅತಿ ಹೆಚ್ಚು ಬಳಸುತ್ತಿರುವ ಪ್ರೋಗ್ರಾಮ್‌ಗಳ ಹೆಸರನ್ನೂ ಹೇಳುತ್ತದೆ. ಮೊದಲ ಹೆಸರು ನನ್ನ ರೆಕಾರ್ಡಿಂಗ್ ತಂತ್ರಾಂಶದ್ದಾಗಿತ್ತು. (ಡ್ರೈವರ್ ನಿಜವಾಗಿಯೂ ಸ್ತಬ್ಧವಾಗಿ ಚೇತರಿಸಿಕೊಂಡಿದ್ದರೆ ಅದೇ ಲಾಗ್‌ನಲ್ಲಿ 4101 ಸಂಖ್ಯೆಯ ದಾಖಲೆ ಕಾಣುತ್ತದೆ. ನನ್ನಲ್ಲಿ ಅದು ಇರಲಿಲ್ಲ.) ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಮಿಟ್ ಸೈಜ್ (ಪ್ರೋಗ್ರಾಮ್‌ಗಾಗಿ ಮೀಸಲಾದ ವರ್ಚುವಲ್ ಮೆಮೊರಿಯ ಪ್ರಮಾಣ) ಎಂಬ ಕಾಲಮ್ ಸೇರಿಸಿಕೊಂಡು ಗಮನಿಸಿದಾಗ, ಪರದೆಯ ಮೇಲೆ ಏನೂ ಬದಲಾಗದಿದ್ದರೂ ಆ ಅಂಕಿ ಒಂದೇ ಸಮನೆ ಏರುತ್ತಿತ್ತು. ಸರಿಯಿರುವ ತಂತ್ರಾಂಶದಲ್ಲಿ ಅದು ಆರಂಭದಲ್ಲಿ ಏರಿ, ಬಳಿಕ ಒಂದು ಮಟ್ಟದಲ್ಲಿ ನಿಲ್ಲಬೇಕು.

ಮೆಮೊರಿಯನ್ನು ಯಾವ ಭಾಗ ಹಿಡಿದಿಟ್ಟುಕೊಳ್ಳುತ್ತಿದೆ ಎಂದು ತಿಳಿಯಲು ಒಬಿಎಸ್‌ನ ಸೇಫ್ ಮೋಡ್ ತುಂಬ ನೆರವಾಯಿತು. ಆ ಸ್ಥಿತಿಯಲ್ಲಿ ಹೊರಗಿನಿಂದ ತಂದು ಸೇರಿಸಿದ ಪ್ಲಗಿನ್‌ಗಳೂ (ಹೆಚ್ಚುವರಿ ಸೌಲಭ್ಯ ಕೊಡುವ ಭಾಗಗಳು) ಸ್ಕ್ರಿಪ್ಟ್‌ಗಳೂ ಲೋಡ್ ಆಗುವುದಿಲ್ಲ. ಅಲ್ಲಿ ದೀರ್ಘ ರೆಕಾರ್ಡಿಂಗ್ ಮಾಡಿದಾಗ ಅಂಕಿ ಸ್ಥಿರವಾಗಿ ನಿಂತಿತು. ಅಲ್ಲಿಂದ ಮುಂದೆ ಬೇರೆ ಯಾವ ಸೆಟ್ಟಿಂಗ್ ಅನ್ನೂ ಮುಟ್ಟದೆ, ಪ್ಲಗಿನ್‌ಗಳನ್ನು ಒಂದೊಂದಾಗಿಯೇ ಮರಳಿ ಸೇರಿಸುತ್ತ ಹೋದೆ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲವಾದ್ದರಿಂದ, ಎಷ್ಟೇ ಹೊತ್ತು ಹಿಡಿದರೂ ಈ ಕ್ರಮವನ್ನು ಬಿಡಬಾರದು. ಫ್ಯಾನಿನ ಸದ್ದು ತೆಗೆಯಲೆಂದು ಹಾಕಿಕೊಂಡಿದ್ದ ಒಂದು ಪ್ಲಗಿನ್ ಮರಳಿದೊಡನೆ ಅಂಕಿ ಮತ್ತೆ ಏರತೊಡಗಿತು. ಅದನ್ನು ತೆಗೆದು, ಒಬಿಎಸ್‌ನಲ್ಲಿಯೇ ಇರುವ ನಾಯ್ಸ್ ಸಪ್ರೆಶನ್ ಫಿಲ್ಟರ್‌ನಲ್ಲಿ ಆರ್‌ಎನ್‌ನಾಯ್ಸ್ ವಿಧಾನವನ್ನು ಆರಿಸಿಕೊಂಡೆ. ಮಾತಿನ ಪಾಠಕ್ಕೆ ಅದು ಧಾರಾಳವಾಗಿ ಸಾಕು. ಕ್ರ್ಯಾಶ್ ನಿಂತಿತು. ಪ್ಲಗಿನ್ ಬರೆದವರಿಗೆ ಲಾಗ್ ಕಡತವನ್ನೂ ಮೆಮೊರಿ ಏರಿದ ಬಗೆಯನ್ನೂ ಕಳುಹಿಸಿದೆ. ಬರೀ ‘ಕ್ರ್ಯಾಶ್ ಆಗುತ್ತಿದೆ’ ಎಂಬ ದೂರಿನಿಂದ ಅವರು ಏನನ್ನೂ ಸರಿಪಡಿಸಲಾರರು.

ಕ್ರ್ಯಾಶ್‌ನಂತೆಯೇ ತೋರಿದರೂ ಕ್ರ್ಯಾಶ್ ಅಲ್ಲದ ಇನ್ನೊಂದು ತೊಂದರೆಯೂ ಉಂಟು. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವಿನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 6000 ಕಿಲೋಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಸುಮಾರು ಒಂದೂವರೆ ಗಂಟೆಗೆ ಆ ಮಿತಿ ಬಂದು ಬರವಣಿಗೆ ವಿಫಲವಾಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ 1000 ಸಂಖ್ಯೆಯ ದಾಖಲೆ ಇಲ್ಲದೆ ರೆಕಾರ್ಡಿಂಗ್ ಮಾತ್ರ ನಿಂತಿದ್ದರೆ ಮೊದಲು ಕಡತದ ಗಾತ್ರವನ್ನು ನೋಡಬೇಕು. ಅದು 4 ಜಿಬಿಯ ಹತ್ತಿರವಿದ್ದರೆ ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕಾಗಿ ಫಾರ್ಮ್ಯಾಟ್ ಮಾಡುವಾಗ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಪಾಠಗಳನ್ನು ಮೊದಲೇ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ.