ಲಕ್ಷ ಸಾಲು ತುಂಬಲು ರಾತ್ರಿಯೆಲ್ಲ ಬೇಕಿಲ್ಲ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಅಥಣಿ, ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆಗಳಲ್ಲಿ ತೂಕದ ಚೀಟಿಗಳ ರಾಶಿ ಬೀಳುತ್ತದೆ. ಆ ಲೆಕ್ಕವೆಲ್ಲ ಸಿಎಸ್‌ವಿ ಫೈಲಿನಿಂದ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲು) ಡೇಟಾಬೇಸ್‌ಗೆ ಹೋದ ಮೇಲೆಯೇ ರೈತರ ಬಿಲ್. ಕಬ್ಬು ಹಾಕಿದ 14 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಇತ್ತ ಸಂಜೆ ಶುರು ಮಾಡಿದ ಪ್ರೋಗ್ರಾಂ ಬೆಳಗಾದರೂ ಮುಗಿದಿರುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಸರ್ವರ್ ಸಾಲ್ತಿಲ್ಲ, ಹೊಸದು ತರಿಸೋಣ.’ ತರಿಸಬೇಡಿ. ಮೊದಲು ಕೋಡ್ ತೆಗೆದು ನೋಡಿ.

ಹೆಜ್ಜೆ 1: ಲೂಪ್ ಹುಡುಕಿ. ಒಂದು ಸಾಲು ಓದು, ಒಂದು ಇನ್‌ಸರ್ಟ್ (ಟೇಬಲ್‌ಗೆ ಸಾಲು ಸೇರಿಸುವ ಆದೇಶ) ಹಾಕು, ಮತ್ತೆ ಓದು. ತೊಂದರೆ ಇರುವುದು ಇಲ್ಲೇ.

ಹೆಜ್ಜೆ 2: ಕಮಿಟ್ ಕಡಿಮೆ ಮಾಡಿ. ಕಮಿಟ್ ಎಂದರೆ ಹಾಕಿದ್ದನ್ನು ಖಾಯಂ ಮಾಡು ಎನ್ನುವ ಆದೇಶ. ಜಾವಾ, ಪಿಎಚ್‌ಪಿ ಸಂಪರ್ಕಗಳಲ್ಲಿ ಆಟೋಕಮಿಟ್ (ಪ್ರತಿ ಆದೇಶಕ್ಕೂ ತಾನಾಗಿಯೇ ಕಮಿಟ್) ಮೊದಲಿನಿಂದಲೇ ಆನ್ ಇರುತ್ತದೆ. ಅಂದರೆ ಪ್ರತಿ ಸಾಲೂ ಒಂದು ಪೂರ್ತಿ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ ಎನ್ನುವಂಥ ಕೆಲಸ). ಕರೆಂಟ್ ಹೋದರೂ ಡೇಟಾ ಉಳಿಯಬೇಕಲ್ವಾ? ಅದಕ್ಕೇ ಪ್ರತಿ ಕಮಿಟ್‌ಗೂ ಡೇಟಾಬೇಸ್ ತನ್ನ ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕ್ ಮುಟ್ಟುವ ತನಕ ಕಾಯುತ್ತದೆ. ಹೊತ್ತು ಹೋಗುವುದು ಬರೆಯುವುದರಲ್ಲಲ್ಲ, ಈ ಕಾಯುವುದರಲ್ಲಿ. ಸಾಧಾರಣ ಕಂಪ್ಯೂಟರಿನಲ್ಲೇ ಸೆಕೆಂಡಿಗೆ 50,000 ಇನ್‌ಸರ್ಟ್ ಆಗುತ್ತವೆ, ಆದರೆ ತಿರುಗುವ ಡಿಸ್ಕ್‌ನಲ್ಲಿ ಟ್ರಾನ್ಸಾಕ್ಷನ್ ಮಾತ್ರ ಕೆಲವು ಡಜನ್ ಅಷ್ಟೇ ಎಂದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನವರೇ ಬರೆದಿದ್ದಾರೆ. ಎಸ್‌ಎಸ್‌ಡಿ ಹಾಕಿದರೆ ಈ ಅಂತರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆಟೋಕಮಿಟ್ ಆಫ್ ಮಾಡಿ. 5,000 ಸಾಲಿಗೊಮ್ಮೆ ಕಮಿಟ್ ಮಾಡಿ. ನಾನು ಎಲ್ಲರಿಗೂ ಹೇಳುವ ಸಂಖ್ಯೆ ಇದೇ. ಹತ್ತಿಪ್ಪತ್ತು ಸಾಲಿಗೆ ಮಾಡಿದರೆ ಲಾಭ ಪೂರ್ತಿ ಸಿಗುವುದಿಲ್ಲ. ಇಡೀ ಫೈಲನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ತುರುಕಿದರೆ ಕೊನೆಯ ಸಾಲು ಕೆಟ್ಟರೂ ಎಲ್ಲ ವಾಪಸ್ ಹೋಗುತ್ತದೆ, ಆ ರೋಲ್‌ಬ್ಯಾಕೇ ದೊಡ್ಡ ಕೆಲಸ.

ಜನ ಜಾಸ್ತಿ ಎಡವುವುದು ಇದರ ಮುಂದಿನ ಹಂತದಲ್ಲಿ. ಆ 5,000 ಸಾಲುಗಳ ಗುಂಪಿನ ಒಂದು ಸಾಲಿನಲ್ಲಿ ತೂಕ ಖಾಲಿ ಇತ್ತು ಅನ್ನಿ. ಟ್ರೈ-ಕ್ಯಾಚ್ (ತಪ್ಪು ಹಿಡಿಯುವ ಕೋಡ್) ಹಾಕಿ ತಪ್ಪನ್ನು ನುಂಗಿ ಮುಂದೆ ಹೋಗುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದು ನಡೆಯುವುದಿಲ್ಲ. ಒಂದು ತಪ್ಪಾದರೆ ರೋಲ್‌ಬ್ಯಾಕ್ ಮಾಡುವ ತನಕ ಆ ಟ್ರಾನ್ಸಾಕ್ಷನ್ ಮುಂದಿನ ಯಾವ ಸಾಲನ್ನೂ ತೆಗೆದುಕೊಳ್ಳದು. ಸರಿಯಾದ ದಾರಿ ಹೀಗಿದೆ. ಗುಂಪನ್ನು ರೋಲ್‌ಬ್ಯಾಕ್ ಮಾಡಿ, ಎರಡು ಭಾಗ ಮಾಡಿ, ಮತ್ತೆ ಹಾಕಿ. ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡಿ. ಕೆಟ್ಟ ಸಾಲು ಒಂಟಿಯಾಗಿ ಸಿಕ್ಕಾಗ ಅದನ್ನು ಬೇರೆ ಫೈಲಿಗೆ ಬರೆದಿಟ್ಟು ಮುಂದೆ ಸಾಗಿ.

ನಡುವೆ ಪ್ರೋಗ್ರಾಂ ನಿಂತು ಮತ್ತೆ ಓಡಿಸಿದರೆ ಅದೇ ಚೀಟಿ ಎರಡು ಸಲ ಸೇರಬಾರದು. ಹಂಗಾಮು ಮತ್ತು ಚೀಟಿ ಸಂಖ್ಯೆ ಸೇರಿಸಿ ಒಂದು ಯೂನಿಕ್ ಕೀ (ಅದೇ ಜೋಡಿ ಎರಡನೇ ಸಲ ಸೇರದಂತೆ ತಡೆಯುವ ನಿಯಮ) ಇರಲೇಬೇಕು. ಅದಿಲ್ಲದ ಮುಖ್ಯ ಟೇಬಲ್‌ಗೆ ಬಲ್ಕ್ ಲೋಡ್ (ಒಟ್ಟಿಗೆ ತುಂಬುವುದು) ಮಾಡಲೇಬೇಡಿ. ಚೀಟಿ ಎರಡಾದರೆ ಬಿಲ್ಲೂ ಎರಡಾಗುತ್ತದೆ.

ಹೆಜ್ಜೆ 3: ಒಂದೇ ಇನ್‌ಸರ್ಟ್‌ನಲ್ಲಿ ಹಲವು ಸಾಲು ಕಳಿಸಿ. ನೆಟ್‌ವರ್ಕ್ ಓಡಾಟ ತಪ್ಪುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್‌ಸರ್ಟ್‌ನ ವ್ಯಾಲ್ಯೂಸ್ ಪಟ್ಟಿಗೆ 1,000 ಸಾಲಿನ ಮಿತಿ ಇದೆ. ಜಾವಾದಿಂದ ಮೈಎಸ್‌ಕ್ಯೂಎಲ್‌ಗೆ ಕಳಿಸುವವರು ಆಡ್‌ಬ್ಯಾಚ್ (ಸಾಲುಗಳನ್ನು ಗುಂಪಿಗೆ ಸೇರಿಸುವ ಜಾವಾ ಆದೇಶ) ಬರೆದು ಸುಮ್ನೆ ಕೂರಬೇಡಿ. ಡೇಟಾಬೇಸ್ ಸಂಪರ್ಕದ ವಿಳಾಸದಲ್ಲಿ ರಿರೈಟ್‌ಬ್ಯಾಚ್ಡ್‌ಸ್ಟೇಟ್‌ಮೆಂಟ್ಸ್ ಟ್ರೂ ಎಂದು ಸೇರಿಸದಿದ್ದರೆ ಒಳಗೆ ಒಂದೊಂದೇ ಸಾಲು ಹೋಗುತ್ತಿರುತ್ತದೆ. ಜಾವಾದ ಹೈಬರ್ನೇಟ್ ಎಂಬ ಓಆರ್‌ಎಂ (ಕೋಡಿನ ವಸ್ತುಗಳನ್ನು ಟೇಬಲ್ ಸಾಲುಗಳಿಗೆ ಜೋಡಿಸುವ ಲೈಬ್ರರಿ) ಬಳಸಿ ಐಡೆಂಟಿಟಿ ಕಾಲಂ (ಕ್ರಮಸಂಖ್ಯೆಯನ್ನು ಡೇಟಾಬೇಸೇ ಕೊಡುವ ಕಾಲಂ) ಇಟ್ಟಿದ್ದರೆ ಬ್ಯಾಚ್ ಇನ್‌ಸರ್ಟ್ ನಡೆಯುವುದೇ ಇಲ್ಲ, ಎಚ್ಚರಿಕೆಯೂ ಕಾಣುವುದಿಲ್ಲ. ಬಲ್ಕ್ ಲೋಡ್‌ಗೆ ಓಆರ್‌ಎಂ ಬೇಡವೇ ಬೇಡ.

ಡೇಟಾ ಹೇಗೂ ಫೈಲಿನಲ್ಲೇ ಇದ್ದರೆ ಇನ್ನೂ ಹತ್ತಿರದ ದಾರಿಯಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಕಾಪಿ, ಮೈಎಸ್‌ಕ್ಯೂಎಲ್‌ನಲ್ಲಿ ಲೋಡ್ ಡೇಟಾ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಲ್ಕ್ ಇನ್‌ಸರ್ಟ್. ನೇರ ಮುಖ್ಯ ಟೇಬಲ್‌ಗೆ ಬೇಡ. ಎಲ್ಲ ಕಾಲಂ ಟೆಕ್ಸ್ಟ್ ಇರುವ ತಾತ್ಕಾಲಿಕ ಟೇಬಲ್‌ಗೆ ಸುರಿದು, ಅಲ್ಲಿ ಪರೀಕ್ಷಿಸಿ, ಒಳ್ಳೆಯ ಸಾಲುಗಳನ್ನಷ್ಟೇ ದಾಟಿಸಿ. ರೈತರ ಹೆಸರು ಕನ್ನಡದಲ್ಲಿದ್ದರೆ ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ. ಬರಿ ‘ಸಿಎಸ್‌ವಿ’ ಆರಿಸಿದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಫೈಲುಗಳನ್ನು ಮೊದಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ಹೆಜ್ಜೆ 4: ಇಂಡೆಕ್ಸ್, ಅಂದರೆ ಸಾಲು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ. ಖಾಲಿ ಟೇಬಲ್ ತುಂಬುವಾಗ ಬೇರೆ ಇಂಡೆಕ್ಸ್ ತೆಗೆದು ಆಮೇಲೆ ಕಟ್ಟಿ, ಯೂನಿಕ್ ಕೀ ಮಾತ್ರ ಇರಲಿ. ಕೋಟಿ ಸಾಲಿರುವ ಟೇಬಲ್‌ಗೆ ದಿನದ ಲೆಕ್ಕ ಸೇರಿಸುವಾಗ ಯಾವುದನ್ನೂ ಮುಟ್ಟಬೇಡಿ.

ಲಾಗ್ ಡಿಸ್ಕ್‌ಗೆ ಹೋಗುವುದನ್ನೇ ನಿಲ್ಲಿಸಿದರೆ ವೇಗ ಬರುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ವೇಗ ಬರುವುದು ನಿಜ. ಕರೆಂಟ್ ಹೋದ ದಿನ ಡೇಟಾಬೇಸೇ ಕೆಡಬಹುದು ಎನ್ನುವುದೂ ನಿಜ. ರೈತರ ಹಣದ ಲೆಕ್ಕದ ಮೇಲೆ ಇಂಥ ಪ್ರಯೋಗ ಸಲ್ಲದು.

ಹೆಜ್ಜೆ 5: ತಾಳೆ ನೋಡಿ. ಟೇಬಲ್‌ನ ಅಂಕಿಅಂಶ ಹೊಸದಾಗಿಸುವ ಅನಲೈಸ್ ಆದೇಶ ಓಡಿಸಿ. ಟೇಬಲ್‌ಗೆ ಸೇರಿದ ಸಾಲು, ಬದಿಗಿಟ್ಟ ಸಾಲು ಎರಡೂ ಕೂಡಿದರೆ ಫೈಲಿನ ಎಣಿಕೆ ಬರಬೇಕು. ಒಟ್ಟು ಟನ್ನೂ ಕೂಡಿ ನೋಡಿ. ಎರಡೂ ಸರಿಬಂದ ಮೇಲೆ ಬಿಲ್ ವಿಭಾಗಕ್ಕೆ ತಿಳಿಸಿ.