ಒಂದು ಟರ್ನ್, ಹತ್ತು ಇಂಡೋನೇಷಿಯನ್ ಕ್ರಿಯಾಪದ

ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಕಲಿತು, ಆಮೇಲೆ ಇಂಡೋನೇಷ್ಯಾದ ಬಾಂಡುಂಗ್ ಕಡೆ ಗಾರ್ಮೆಂಟ್ ಲೈನ್ ಸೂಪರ್‌ವೈಸರ್ ಆಗಿದ್ದವನು ನಾನು. ಬಾಂಡುಂಗ್‌ನ ಚಿಹಾಂಪೆಲಾಸ್ ರಸ್ತೆ ಜೀನ್ಸ್ ಅಂಗಡಿಗಳಿಗೇ ಹೆಸರಾದದ್ದು, ಬಳ್ಳಾರಿಯವನಿಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಈಗ ಊರಲ್ಲೇ ಕೂತು ಹೊಲಿಗೆ ಮಷೀನುಗಳ ಇಂಗ್ಲಿಷ್ ಕೈಪಿಡಿಗಳನ್ನು ಇಂಡೋನೇಷಿಯನ್‌ಗೆ ಮಾಡಿಕೊಡುತ್ತೇನೆ. ಜೊತೆಗೆ ಕೆಲಸ ಕಲಿಯುತ್ತಿರುವ ಚಿಕ್ಕಪ್ಪನ ಮಗ ಮೊನ್ನೆ ಕೇಳಿದ: "ಅಣ್ಣಾ, ಟರ್ನ್ ಅಂದ್ರೆ ಪುತಾರ್ ಅಂತ ಡಿಕ್ಷನರಿಯಾಗ ಐತೆ. ಎಲ್ಲಾ ಕಡೆ ಅದನ್ನೇ ಹಾಕ್ಲಾ?"

ಹಾಕಬಾರದು. ಟರ್ನ್ ಕಂಡ ಕೂಡಲೇ ಇಂಡೋನೇಷಿಯನ್ ಡಿಕ್ಷನರಿ ತೆಗೆಯುವುದೇ ಬೇಡ. ಮೊದಲು ಆ ವಾಕ್ಯವನ್ನು ನಮ್ಮ ಹೊಲಿಗೆ ಹಾಲ್‌ನಲ್ಲಿ ಮಾಸ್ಟರ್ ಹೇಗೆ ಹೇಳುತ್ತಾರೋ ಹಾಗೆ ಕನ್ನಡದಲ್ಲಿ ಹೇಳಿ ನೋಡಿ. ಚಕ್ರ ತಿರುಗಿಸು, ಪ್ಯಾಂಟ್ ಉಲ್ಟಾ ಮಾಡು, ಅಂಚು ಮಡಚು, ಮಷೀನ್ ಬಂದ್ ಮಾಡು. ಇಂಗ್ಲಿಷ್ ಈ ನಾಲ್ಕಕ್ಕೂ ಟರ್ನ್ ಅನ್ನುತ್ತದೆ, ನಾವು ಅನ್ನುವುದಿಲ್ಲ, ಇಂಡೋನೇಷಿಯನ್ನರೂ ಅನ್ನುವುದಿಲ್ಲ. ಅವರಲ್ಲಿ ಚಕ್ರ, ಕೀಲಿ, ತಿರುಪಿಗೆ ಪುತಾರ್. ಒಳಮೈ ಹೊರಕ್ಕೆ ಮಾಡಲು, ಪುಟ ಮಗುಚಲು ಬಾಲಿಕ್. ಪ್ಯಾಂಟಿನ ಅಂಚಿಗೆ ಲಿಪಾತ್. ಬಂದ್ ಮಾಡಲು ಮಾತಿಕಾನ್. ಕನ್ನಡದಲ್ಲಿ ಬೇರೆ ಕ್ರಿಯಾಪದ ಬಂತೆಂದರೆ ಅಲ್ಲಿಯೂ ಬಹುಮಟ್ಟಿಗೆ ಬೇರೆಯೇ ಬರುತ್ತದೆ.

ಆದರೆ ಕನ್ನಡವನ್ನೂ ಪೂರ್ತಿ ನಂಬಬೇಡಿ. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಎಡಕ್ಕೆ "ತಿರುಗು" ಅನ್ನುತ್ತೇವೆ, ಚಕ್ರಕ್ಕೂ ಅದೇ ಮಾತು. ಅವರಲ್ಲಿ ರಸ್ತೆಯ ತಿರುವಿಗೆ ಬೆಲೋಕ್ ಎಂದು ಬೇರೆ ಪದವಿದೆ, ಎಡಕ್ಕೆ ತಿರುಗುವುದು ಬೆಲೋಕ್ ಕಿರಿ. ಯೂ ಟರ್ನ್ ಮಾತ್ರ ಪುತಾರ್ ಬಾಲಿಕ್, ಎರಡೂ ಪದ ಸೇರಿಸಿ. ಇನ್ನೊಂದು ತೊಡಕು ನಮ್ಮ "ಹಾಕು". ಫ್ಯಾನ್ ಹಾಕು ಅಂದರೆ ಸ್ವಿಚ್ ಒತ್ತುವುದೂ ಆಗುತ್ತದೆ, ಏಣಿ ಹತ್ತಿ ಹೊಸ ಫ್ಯಾನ್ ಕೂರಿಸುವುದೂ ಆಗುತ್ತದೆ. ಅದನ್ನೇ ನಂಬಿ ಪಾಸಾಂಗ್ ಬರೆದರೆ ಓದುವವನು ಏಣಿ ಹುಡುಕುತ್ತಾನೆ. ಕೈಪಿಡಿಯಲ್ಲಿ ಪಾಸಾಂಗ್ ಅನ್ನು ಕೂರಿಸುವುದಕ್ಕೇ ಇಟ್ಟುಕೊಳ್ಳಿ. ಟರ್ನ್ ಆನ್ ಅಂದರೆ ನ್ಯಾಲಾಕಾನ್ ಅಥವಾ ಹಿದುಪ್ಕಾನ್. ನ್ಯಾಲಾ ಅಂದರೆ ಜ್ವಾಲೆ, ಹಿದುಪ್ ಅಂದರೆ ಜೀವ. ದೀಪಕ್ಕೆ ಮೊದಲನೆಯದು ಚೆಂದ, ಮೋಟರಿಗೆ ಎರಡೂ ನಡೆಯುತ್ತವೆ. ಆದರೆ ಒಂದು ಕೈಪಿಡಿಯಲ್ಲಿ ಮಷೀನಿಗೆ ಒಂದೇ ಪದ ಹಿಡಿದು ಹೋಗಿ, ಪುಟಕ್ಕೊಂದು ಬದಲಿಸಿದರೆ ಆಪರೇಟರ್ ಎರಡು ಬೇರೆ ಕೆಲಸ ಅಂದುಕೊಳ್ಳುತ್ತಾನೆ.

ಟರ್ನ್ ಆಫ್‌ನ ಮಾತಿಕಾನ್ ಬಗ್ಗೆ ನಿಂತು ಹೇಳಬೇಕು. ಮಾತಿ ಅಂದರೆ ಸತ್ತ. ಕರೆಂಟ್ ಹೋದರೆ ಅವರು ಮಾತಿ ಲಾಂಪು ಅನ್ನುತ್ತಾರೆ, ಬಳ್ಳಾರಿಯ ಬೇಸಿಗೆ ಕಂಡವರಿಗೆ ಈ ಪದ ಬೇಗ ನಾಲಿಗೆಗೆ ಹತ್ತುತ್ತದೆ. "ಮಾತಿಕಾನ್ ಮೆಸಿನ್" ಅಂದರೆ ಮಷೀನ್ ಬಂದ್ ಮಾಡು. ಅಪ್ಪಣೆಯ ವಾಕ್ಯದಲ್ಲಿ ಕ್ರಿಯಾಪದ ಮೊದಲು, ಸಾಮಾನ್ಯ ವಾಕ್ಯದಲ್ಲಿ ಅದರ ಮುಂದೆ ಅಂಟುವ ಮೆ- ಎಂಬ ಉಪಸರ್ಗ ಇಲ್ಲಿ ಸೇರುವುದಿಲ್ಲ. ಕನ್ನಡದ ರೂಢಿಯಲ್ಲಿ ವಸ್ತುವನ್ನು ಮುಂದಿಟ್ಟು, ಡಿಕ್ಷನರಿಯಲ್ಲಿ ಕಂಡ ಮೆ- ರೂಪವನ್ನೇ ಹಚ್ಚಿ "ಮೆಸಿನ್ ಮೆಮಾತಿಕಾನ್" ಎಂದು ಬರೆದಿರೋ, ಅರ್ಥ ಪ್ರಾಣ ತೆಗೆಯುವ ಮಷೀನ್ ಎಂದಾಗುತ್ತದೆ. ವಸ್ತು ಮೊದಲೇ ಬರಬೇಕಿದ್ದರೆ ಕರ್ಮಣಿ ಪ್ರಯೋಗದ ದಿ- ಹಚ್ಚಿ: "ಮೆಸಿನ್ ಹಾರುಸ್ ದಿಮಾತಿಕಾನ್", ಮಷೀನನ್ನು ಬಂದ್ ಮಾಡಬೇಕು. ಎಚ್ಚರಿಕೆಯ ಫಲಕದಲ್ಲಿ ಈ ವ್ಯತ್ಯಾಸ ತಪ್ಪಿದರೆ ನಗೆಪಾಟಲು.

ಮೆ- ಅಂಟಿದಾಗ ಮೂಲಪದದ ಮೊದಲಕ್ಷರವೂ ಬದಲಾಗುತ್ತದೆ. ಶಾಲೆಯಲ್ಲಿ ಆದೇಶ ಸಂಧಿ ಓದಿದ್ದೀರಲ್ಲ, ಕ ತ ಪ ಹೋಗಿ ಗ ದ ಬ ಬರುವುದು. ಇಲ್ಲಿ ಅವೇ ಅಕ್ಷರಗಳು, ಜೊತೆಗೆ ಸ, ಜಾಗ ಬಿಟ್ಟು ಅನುನಾಸಿಕಕ್ಕೆ ಕೊಡುತ್ತವೆ. ಪುತಾರ್ ಮೆಮುತಾರ್ ಆಗುತ್ತದೆ, ತಿರಸ್ಕರಿಸು ಎಂಬ ಅರ್ಥದ ತೋಲಾಕ್ ಮೆನೋಲಾಕ್ ಆಗುತ್ತದೆ. ಬಾಲಿಕ್‌ನ ಬ ಮಾತ್ರ ಅಲ್ಲಾಡುವುದಿಲ್ಲ: ಮೆಂಬಾಲಿಕ್. ಅಚ್ಚಾದ ನಿಘಂಟುಗಳಲ್ಲಿ ಪದಗಳು ಮೂಲರೂಪದ ಅಡಿಯಲ್ಲೇ ಸಿಗುವುದರಿಂದ ಈ ಲೆಕ್ಕ ಗೊತ್ತಿಲ್ಲದೆ ಹುಡುಕಾಟ ಮುಗಿಯುವುದಿಲ್ಲ.

ಕೈಪಿಡಿಯ ಒಂದು ಸಾಲನ್ನು ಪೂರ್ತಿ ಮಾಡಿ ನೋಡೋಣ. ಸೂಜಿ ಬದಲಿಸುವ ಮೊದಲು ಮಷೀನ್ ಟರ್ನ್ ಆಫ್ ಮಾಡಿ, ಹ್ಯಾಂಡ್‌ವೀಲನ್ನು ನಿಮ್ಮ ಕಡೆಗೆ ಟರ್ನ್ ಮಾಡಿ ಎಂದಿದೆ ಅನ್ನಿ. "ಮಾತಿಕಾನ್ ಮೆಸಿನ್ ಸೆಬೆಲುಮ್ ಮೆಂಗಾಂತಿ ಜಾರುಮ್. ಪುತಾರ್ ರೋದಾ ತಾಂಗಾನ್ ಕೆ ಆರಾಹ್ ಆಂದಾ." ಜಾರುಮ್ ಅಂದರೆ ಸೂಜಿ. ಗಡಿಯಾರದ ಮುಳ್ಳಿಗೂ ಅದೇ ಹೆಸರು, ಹಾಗಾಗಿ ಕ್ಲಾಕ್‌ವೈಸ್ ಅನ್ನುವುದು ಸೆಆರಾಹ್ ಜಾರುಮ್ ಜಾಮ್. ಸೂಜಿಯ ಅಧ್ಯಾಯದಲ್ಲಿ ಇದು ಬಂದಾಗ ಕೊನೆಯ ಜಾಮ್ ಬಿಡಬೇಡಿ, ಬಿಟ್ಟರೆ ಸೂಜಿಯ ದಿಕ್ಕಿಗೆ ಎಂದು ಓದಿಸಿಕೊಳ್ಳುತ್ತದೆ. ಉಲ್ಟಾ ತಿರುಗಿಸಬೇಡಿ ಅನ್ನಲು ಜಾಂಗಾನ್ ಬಳಸಿ, ತಿದಾಕ್ ಅಲ್ಲ. ತಿದಾಕ್ ನಮ್ಮ "ಇಲ್ಲ", ಜಾಂಗಾನ್ ನಮ್ಮ "ಬೇಡ".

ಟರ್ನ್ ಡೌನ್‌ಗೆ ಏನನ್ನು ಎಂದು ಕೇಳಿ. ಆರ್ಡರ್ ಆದರೆ ತೋಲಾಕ್, ತಿರಸ್ಕರಿಸು. ಸದ್ದು, ಉರಿ ಆದರೆ ಕೆಚಿಲ್ಕಾನ್, ಸಣ್ಣ ಮಾಡು. ನಾವೂ ಗ್ಯಾಸ್ ಸಣ್ಣ ಮಾಡು ಅನ್ನುತ್ತೇವಲ್ಲ, ಅದೇ. ವಾಲ್ಯೂಮ್ ಟರ್ನ್ ಅಪ್ ಬೆಸಾರ್ಕಾನ್, ದೊಡ್ಡದು ಮಾಡು. ಮನುಷ್ಯ ಟರ್ನ್ ಅಪ್ ಆದರೆ ಮುಂಚುಲ್, ಕಾಣಿಸಿಕೊಳ್ಳು, ಅಥವಾ ಬರೀ ದಾತಾಂಗ್, ಬರು. ಲೆಕ್ಕದ ಪುಸ್ತಕ ಟರ್ನ್ ಇನ್ ಮಾಡುವುದು ಸೆರಾಹ್ಕಾನ್, ಒಪ್ಪಿಸು. ಸರದಿಯ ಟರ್ನ್ ಗಿಲಿರಾನ್.

ಟರ್ನ್ ಔಟ್ ನನಗೆ ಅಚ್ಚುಮೆಚ್ಚು. ಎಷ್ಟೋ ಅನುವಾದಕರು ಕ್ರಿಯಾಪದ ಹುಡುಕುತ್ತಾ ಕೂರುತ್ತಾರೆ, ಅಲ್ಲಿ ಬೇಕಿರುವುದು ಕ್ರಿಯಾಪದವೇ ಅಲ್ಲ. ವಾಕ್ಯದ ಮುಂದೆ ತೆರ್ನ್ಯಾತಾ ಇಟ್ಟರೆ ಮುಗಿಯಿತು. "ತೆರ್ನ್ಯಾತಾ ಕಾಇನ್‌ನ್ಯಾ ಕುರಾಂಗ್." ನೋಡಿದ್ರೆ ಬಟ್ಟೆ ಸಾಲದು. ನಮ್ಮ "ನೋಡಿದ್ರೆ" ಮಾಡುವ ಕೆಲಸವನ್ನು ಅದು ಅಷ್ಟೇ ಸಲೀಸಾಗಿ ಮಾಡುತ್ತದೆ.

ಇದೆಲ್ಲ ಕೈಪಿಡಿಯ ಭಾಷೆ. ಲೈನ್‌ನಲ್ಲಿ ಕೂತ ಹುಡುಗರಿಗೆ ವಾಟ್ಸಾಪ್‌ನಲ್ಲಿ ಸೂಚನೆ ಕಳಿಸುವ ಕೆಲಸವಾದರೆ ಕೊನೆಯ -ಕಾನ್ ತೆಗೆದು ಆಡುಮಾತಿನ -ಇನ್ ಹಚ್ಚಿ: ಮಾತಿಇನ್, ನ್ಯಾಲಾಇನ್. ವಿಡಿಯೋ ಸಬ್‌ಟೈಟಲ್‌ಗೂ ಇದೇ ಹೊಂದುತ್ತದೆ. ಮಷೀನಿನ ಮೇಲೆ ಅಂಟಿಸುವ ಸ್ಟಿಕ್ಕರ್‌ನಲ್ಲಿ ಮಾತ್ರ ಬೇಡ.