ಮಳೆಗಾಲ ಕಳೆದ ಸೈಕಲ್‌ಗೆ ಅರ್ಧ ದಿನದ ಆರೈಕೆ

ಜೂನ್‌ನಲ್ಲಿ ಮೂಲೆ ಸೇರಿದ ಸೈಕಲನ್ನು ದಸರಾ ಹೊತ್ತಿಗೆ ಹೊರಗೆಳೆದರೆ ಚೈನ್ ಕೆಂಪಗಾಗಿರುತ್ತದೆ, ಟೈರು ಚಪ್ಪಟೆ, ಸೀಟಿನ ಪೈಪು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಅಂಗಡಿಗೆ ತಳ್ಳಿಕೊಂಡು ಹೋಗುವ ಮೊದಲು ಮನೆಯಲ್ಲೇ ಕೈ ಹಾಕಿ. ಬೇಕಾಗುವುದು ಇಷ್ಟು: ಅರ್ಧ ಬಕೆಟ್ ನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ಹಳೆಯ ಹಲ್ಲುಜ್ಜುವ ಬ್ರಶ್, ಹಳೇ ಬನಿಯನ್ನು, ಒಂದು ಲೋಟ ಡೀಸೆಲ್, ಚೈನ್ ಎಣ್ಣೆ, ಸ್ವಲ್ಪ ಗ್ರೀಸ್, ಸ್ಪ್ಯಾನರ್ ಸೆಟ್, 4, 5, 6 ಮಿ.ಮೀ. ಅಲೆನ್ ಕೀ.

ಚೈನ್ ಮೊದಲು, ಸ್ನಾನ ಆಮೇಲೆ

ಹೆಚ್ಚಿನವರು ಇಡೀ ಸೈಕಲ್ ತೊಳೆದು ಕೊನೆಗೆ ಚೈನಿಗೆ ಬರುತ್ತಾರೆ. ಆಗ ಕರಿ ಎಣ್ಣೆ ರಿಮ್ ಮೇಲೆ ಸಿಡಿದು ಎರಡನೇ ಸಲ ತೊಳೆಯಬೇಕಾಗುತ್ತದೆ. ಹಿಂದಿನ ರಿಮ್ ಮತ್ತು ಬ್ರೇಕ್ ರಬ್ಬರಿಗೆ ಅಡ್ಡಲಾಗಿ ಬಟ್ಟೆ ಇಳಿಬಿಟ್ಟು, ಬ್ರಶ್ಶನ್ನು ಡೀಸೆಲ್‌ನಲ್ಲಿ ಅದ್ದಿ ಚೈನಿನ ನಾಲ್ಕೂ ಬದಿ ಉಜ್ಜಿ. ಪೆಟ್ರೋಲ್ ಬೇಡ, ಅದರ ಆವಿಗೆ ಕಿಡಿ ತಾಗಿದರೆ ಸಾಕು. ಕೊಳೆ ಬಿಟ್ಟ ಮೇಲೆ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒರೆಸಿ.

ಈಗ ಸವೆತ ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು ಬರುತ್ತದೆ. ಒಂದೂವರೆ ಮಿ.ಮೀ. ಹೆಚ್ಚಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಮೂರು ಮಿ.ಮೀ. ಆಗುವವರೆಗೂ ಬಿಟ್ಟರೆ ಫ್ರೀವೀಲ್ (ಹಿಂಚಕ್ರದ ಹಲ್ಲುಗಾಲಿ) ಹಲ್ಲೂ ಸವೆದಿರುತ್ತದೆ. ಆಮೇಲೆ ಹೊಸ ಚೈನ್ ಹಾಕಿದರೆ ಏರು ಹತ್ತುವಾಗ ಜಾರುತ್ತದೆ, ಎರಡಕ್ಕೂ ದುಡ್ಡು ಸುರಿಯಬೇಕು.

ಎಣ್ಣೆ ಹಾಕುವುದು ಉರುಳೆಗೊಂದು ಹನಿ, ಅದೂ ಕೆಳಗಿನ ಸಾಲಿಗೆ, ಒಳಬದಿಯಿಂದ. ಪೆಡಲನ್ನು ಹತ್ತಿಪ್ಪತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಚೈನ್ ಮಿರಮಿರ ಮಿಂಚಬೇಕೆಂದು ಸುರಿದರೆ ಧೂಳು ಅಂಟಿ ಅರೆಯುವ ಕಲ್ಲಾಗುತ್ತದೆ. ತೆಂಗಿನೆಣ್ಣೆ ಬೇಡವೇ ಬೇಡ: 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ, ಮಲೆನಾಡಿನ ಬೆಳಗಿಗೆ ಅಷ್ಟು ಚಳಿ ದೊಡ್ಡದಲ್ಲ. ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬ್ರೇಕ್ ಲಿವರಿನ ಕೀಲಿಗೆ ಚೆನ್ನ, ಚೈನಿಗೆ ತೀರಾ ತೆಳು. ಗೇರಿಲ್ಲದ ಸೈಕಲ್ ಆದರೆ ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚು ಆಡಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಚೈನ್ ಕಳಚುತ್ತದೆ.

ಇನ್ನು ಸೋಪಿನ ನೀರಿನಲ್ಲಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ವಾಟರ್ ವಾಷ್ ಅಂಗಡಿಯ ಪಿಚಕಾರಿಗೆ ಒಡ್ಡಬೇಡಿ. ಆ ರಭಸಕ್ಕೆ ಚಕ್ರದ ನಡುವಿನ ಬೇರಿಂಗಿಗೆ ನೀರು ನುಗ್ಗಿ ಗ್ರೀಸ್ ಹೊರಬೀಳುತ್ತದೆ.

ಗಾಳಿ, ಬ್ರೇಕು

ಟೈರಿನ ಪಕ್ಕೆಯಲ್ಲಿ ಎಷ್ಟು ಗಾಳಿ ಎಂದು ಅಚ್ಚಾಗಿರುತ್ತದೆ, ಅಷ್ಟೇ ತುಂಬಿ. ಹಳೇ ಮಾದರಿಯ ಕರಿ ಸೈಕಲ್ಲಿನಲ್ಲಿ ಗಾಳಿ ನಿಲ್ಲದಿದ್ದರೆ ಪಂಕ್ಚರ್ ಎಂದು ಟ್ಯೂಬ್ ಬಿಚ್ಚುವ ಮುನ್ನ ವಾಲ್ವಿನ ಬಾಯಿಗೆ ನೀರು ಹಚ್ಚಿ. ಗುಳ್ಳೆ ಎದ್ದರೆ ಒಳಗಿನ ಪುಟ್ಟ ರಬ್ಬರ್ ಕೊಳವೆ ಒಣಗಿ ಬಿರಿದಿದೆ, ಅಷ್ಟೇ. ಬ್ರೇಕ್ ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಿದರೆ ಕೆಲವೇ ದಿನದಲ್ಲಿ ಟೈರನ್ನು ಕೊಯ್ದುಬಿಡುತ್ತದೆ. ಅಂತರ 2 ಮಿ.ಮೀ. ಸಾಕು. ಲಿವರನ್ನು ಪೂರ್ತಿ ಹಿಡಿದಾಗ ಅದು ಹ್ಯಾಂಡಲ್ಲಿಗೆ ಬಂದು ಮುಟ್ಟಕೂಡದು.

ಸೀಟು ಎಷ್ಟು ಎತ್ತರ?

‘ಎರಡೂ ಪಾದ ನೆಲಕ್ಕೆ ಊರಬೇಕು’ ಎಂಬ ಲೆಕ್ಕ ಸೈಕಲ್ ಕಲಿಯುವ ಒಂದೆರಡು ವಾರಕ್ಕೆ ಮಾತ್ರ ಸರಿ. ಆಮೇಲೂ ಹಾಗೇ ಬಿಟ್ಟರೆ ಮಂಡಿ ಯಾವಾಗಲೂ ಮಡಿಚಿಯೇ ಇದ್ದು ಮುಂಭಾಗ ನೋಯುತ್ತದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ವಯಸ್ಸಿನಲ್ಲಿ ಮಕ್ಕಳು ಆರು ತಿಂಗಳಿಗೆ ಚಿಗುರುತ್ತಾರೆ, ಸೀಟು ಮಾತ್ರ ಮೊದಲ ದಿನ ಇದ್ದಲ್ಲೇ ಇರುತ್ತದೆ.

ಅಳತೆ ಹೀಗೆ: ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಯಲ್ಲಿ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಎಷ್ಟು ಸೆಂ.ಮೀ. ಬರುತ್ತದೋ ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಪೆಡಲಿನ ಎರಡೂ ತೋಳು ಕೂಡುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ಎತ್ತರ ಇರಲಿ. ಲೆಕ್ಕ ಬೇಡವೆನ್ನುವವರು ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಬೆರಳ ಬುಡದಿಂದ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಮಡಿಚುತ್ತದೆ.

ಇದು ಆರಂಭದ ಅಳತೆ, ಕಲ್ಲಿನ ಬರಹವಲ್ಲ. ತುಳಿಯುವಾಗ ಸೊಂಟ ಎಡಬಲ ತೂಗಿದರೆ ಅಥವಾ ಮಂಡಿಯ ಹಿಂಭಾಗ ಎಳೆದರೆ ಸೀಟು ಎತ್ತರವಾಗಿದೆ. ಒಮ್ಮೆಗೆ 5 ಮಿ.ಮೀ. ಮಾತ್ರ ಬದಲಿಸಿ, ಎರಡು ಮೂರು ದಿನ ಓಡಿಸಿ ನೋಡಿ. ಪೈಪಿನ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎತ್ತಬೇಡಿ, ಫ್ರೇಮೇ ಸೀಳಬಹುದು. ಪೈಪನ್ನು ಒಮ್ಮೆ ಪೂರ್ತಿ ಹೊರತೆಗೆದು ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಸವರಿದರೆ ಮುಂದಿನ ಮಳೆಗಾಲದಲ್ಲಿ ಕಚ್ಚಿಕೊಳ್ಳುವುದಿಲ್ಲ.

ದೀಪ

ಮುಂದೆ ಬಿಳಿ, ಹಿಂದೆ ಕೆಂಪು. ಮುಂದಿನ ದೀಪವನ್ನು ಎದುರಿನವರ ಕಣ್ಣಿಗೆ ನೇರ ಹಿಡಿದರೆ ಅವರಿಗೂ ರಸ್ತೆ ಕಾಣದು, ನಿಮಗೂ ಗುಂಡಿ ಕಾಣದು. ಸಂಜೆ ಸೈಕಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ; ಬೆಳಕಿನ ನಡುಭಾಗ ಗೋಡೆಯ ಮೇಲೆ ದೀಪದ ಎತ್ತರದ ಅರ್ಧಕ್ಕೆ ಬೀಳಲಿ. ಆಗ ಅದು 10 ಮೀಟರ್ ಮುಂದೆ ನೆಲ ಮುಟ್ಟುತ್ತದೆ.

ಡೈನಮೋ ಇರುವ ಸೈಕಲ್ಲಿಗೆ ಒಂದೇ ವೈರ್. ಕರೆಂಟ್ ವಾಪಸಾಗುವುದು ಫ್ರೇಮಿನ ಮೂಲಕ. ಡೈನಮೋ, ದೀಪಗಳ ಕ್ಲಿಪ್ ಫ್ರೇಮಿನ ಮೇಲೆ ಕೂತ ಜಾಗದಲ್ಲಿ ತುಕ್ಕು ಅಥವಾ ಪೇಂಟ್ ಇದ್ದರೆ ದೀಪ ಉರಿಯದು, ಕೆರೆದು ಲೋಹ ಕಾಣಿಸಿ. 6 ವೋಲ್ಟ್, 3 ವ್ಯಾಟಿನ ಡೈನಮೋದಲ್ಲಿ ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6 ವ್ಯಾಟ್. ಮುಂದಿನದು ಸುಟ್ಟರೆ ಎಲ್ಲ ಹೊರೆ ಪುಟ್ಟ ಬಲ್ಬಿನ ಮೇಲೆ ಬಿದ್ದು ಅದೂ ಬೆನ್ನಿಗೇ ಹೋಗುತ್ತದೆ.

ಚಾರ್ಜ್ ಮಾಡುವ ಹಿಂದಿನ ದೀಪವನ್ನು ಸೀಟಿನ ಪೈಪಿಗೆ ಕಟ್ಟುವುದು ರೂಢಿ. ಸೀಟು ತಗ್ಗಿಸಿದವರಿಗೆ, ಕ್ಯಾರಿಯರ್ ಮೇಲೆ ಸ್ಕೂಲ್ ಬ್ಯಾಗ್ ಹೇರುವವರಿಗೆ ಅಲ್ಲಿ ಹಾಕಿ ಪ್ರಯೋಜನವಿಲ್ಲ. ಕ್ಯಾರಿಯರಿನ ತುದಿಗೆ ಬಿಗಿದು, ಬ್ಯಾಗ್ ಇಟ್ಟು, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ.